ನಮ್ಮ ಬದಿಯ ಗುಣ

ನಮ್ಮ ಅತ್ತೆ ಓದಿದ್ದು ಕುಂದಾಪುರ ಕಡೆಯ ಹಳ್ಳಿಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಆದರೆ ಮನುಷ್ಯರ ಸ್ವಭಾವ ಎಲ್ಲಿಂದ ಬರುತ್ತದೆ ಎಂಬ ವಿಷಯದಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿಲ್ಲ. ಒಳ್ಳೆಯದಾದರೆ ಅವರ ಬದಿಯಿಂದ, ಕೆಟ್ಟದ್ದಾದರೆ ನನ್ನ ಬದಿಯಿಂದ. ನನ್ನ ಮಗ ಲೆಕ್ಕದಲ್ಲಿ ಒಳ್ಳೆಯ ಮಾರ್ಕು ತಂದರೆ, "ಅವ್ನ ಅಜ್ಜಯ್ಯನೂ ಹಾಂಗೇ, ಹೋಟ್ಲಿನ ಲೆಕ್ಕ ಎಲ್ಲ ಬಾಯಲ್ಲೇ ಇತ್ತ್" ಎನ್ನುತ್ತಾರೆ. ಅದೇ ಮಗ ಹಾಗಲಕಾಯಿ ಕಂಡು ಬಟ್ಟಲು ಆಚೆ ದೂಡಿದರೆ ಒಂದು ಕ್ಷಣ ಸುಮ್ಮನಿದ್ದು, ನನ್ನ ಕಡೆ ನೋಡದೆಯೇ, "ಇದ್ ನಮ್ ಬದಿ ಗುಣ ಅಲ್ಲ, ಕಾಣ್" ಎನ್ನುತ್ತಾರೆ. ಮುಂಬಯಿ ಪಕ್ಕದ ಡೊಂಬಿವಲಿಗೆ ಸೊಸೆಯಾಗಿ ಬಂದಾಗಿನಿಂದ ಈ ಹಂಚಿಕೆ ಕೇಳುತ್ತಲೇ ಇದ್ದೇನೆ. ನನ್ನ ತವರಿನವರ ಪಾಲಿಗೆ ಬಂದದ್ದು ಮುಂಗೋಪ, ಚಳಿ ತಡೆಯದ ಮೈ ಮತ್ತು ಹಾಗಲಕಾಯಿ.

ಅತ್ತೆಯದು ಒಂದೇ ಸಿದ್ಧಾಂತ ಅಂದುಕೊಂಡರೆ ತಪ್ಪು. ನನ್ನ ತಂಗಿಯ ಜಗಳಗಂಟತನದ ಮಾತು ಬಂದರೆ "ಹುಟ್ಟುಗುಣ ಸುಟ್ಟರೂ ಹೋಗದು". ಅವರದೇ ಕಿರಿಯ ಮಗ, ಅಂದರೆ ನನ್ನ ಮೈದುನ, ಕಾಲೇಜಿನಲ್ಲಿ ಸಿಗರೇಟು ಕಲಿತದ್ದರ ಮಾತು ಬಂದರೆ "ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ". ನಮ್ಮ ಬಿಲ್ಡಿಂಗಿನ ನಾಲ್ಕನೇ ಮಾಳಿಗೆಯ ಹುಡುಗ ಅಪ್ಪನಿಗೆ ಎದುರು ಮಾತಾಡಿದನೆಂದರೆ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಮೊದಲನೆಯದರಲ್ಲಿ ತಪ್ಪು ರಕ್ತದ್ದು, ಎರಡನೆಯದರಲ್ಲಿ ಗೆಳೆಯರದ್ದು, ಮೂರನೆಯದರಲ್ಲಿ ತಂದೆತಾಯಿಯದ್ದು. ವಿಶ್ವವಿದ್ಯಾಲಯದವರು ನೂರು ವರ್ಷದಿಂದ ಈ ಮೂರು ಪಾಳೆಯಗಳಲ್ಲಿ ಕೂತು ಒಬ್ಬರ ಮೇಲೊಬ್ಬರು ಪುಸ್ತಕ ಬರೆಯುತ್ತಿದ್ದಾರೆ. ಅತ್ತೆ ಮೂರೂ ಕಡೆ ಮನೆ ಮಾಡಿಕೊಂಡಿದ್ದಾರೆ. ಯಾವ ದಿನ ಯಾವ ಮನೆಯಲ್ಲಿ ವಾಸ ಎಂಬುದನ್ನು, ಯಾರ ಮಗುವಿನ ಮಾತು ನಡೆದಿದೆ ಎನ್ನುವುದರ ಮೇಲೆ ಹೇಳಬಹುದು.

ನಗುವ ಹಾಗಿಲ್ಲ, ಓದಿದವರೂ ಇದನ್ನೇ ಮಾಡುತ್ತೇವೆ. ಬೇರೆಯವರ ನಡತೆಗೆ ಕಾರಣ ಹುಡುಕುವಾಗ ಸಂದರ್ಭವನ್ನು ಬಿಟ್ಟು ಸ್ವಭಾವಕ್ಕೇ ಗಂಟುಬೀಳುವ ಈ ಚಾಳಿಗೆ ಲೀ ರಾಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1977ರಲ್ಲಿ ಒಂದು ದೊಡ್ಡ ಹೆಸರನ್ನೇ ಇಟ್ಟ. ಡೊಂಬಿವಲಿಯಲ್ಲಿ ಅದಕ್ಕೆ ಹೆಸರು ಬೇಕಾಗಿಲ್ಲ. ಆಫೀಸಿಗೆ ನಾನು ತಡವಾಗಿ ಹೋದರೆ ಗಾಡಿ ಲೇಟು. ಪಕ್ಕದ ಮೇಜಿನವಳು ತಡವಾಗಿ ಬಂದರೆ ಅವಳೇ ಸೋಮಾರಿ, ಅವಳೂ ಅದೇ ಗಾಡಿಯಲ್ಲಿ ಬಂದಿರುತ್ತಾಳೆ.

ಜಾತಕದ ವಿಚಾರ ಅತ್ತೆಯ ಜೊತೆ ಎತ್ತಬಾರದು, ಆದರೂ ನಾನು ಎತ್ತುತ್ತೇನೆ. ಮೂಲಾ ನಕ್ಷತ್ರದವರು ಹಟಮಾರಿಗಳು, ಕನ್ಯಾ ರಾಶಿಯವರಿಗೆ ಕಸ ಕಂಡರಾಗದು ಎಂಬುದೆಲ್ಲ ಅವರಿಗೆ ಪಂಚಾಂಗದಷ್ಟೇ ಖಾತ್ರಿ. ಪುಣೆಯ ಖಗೋಳವಿಜ್ಞಾನಿ ಜಯಂತ ನಾರಳೀಕರರು 2008ರಲ್ಲಿ ಮಾಡಿದ ಪರೀಕ್ಷೆಯ ಕಥೆಯನ್ನು ಅವರಿಗೆ ಹೇಳಿದೆ. ನೂರು ಮಂದಿ ಜಾಣ ಮಕ್ಕಳು, ನೂರು ಮಂದಿ ಬುದ್ಧಿಮಾಂದ್ಯ ಮಕ್ಕಳು. ಅವರ ಜನ್ಮದ ಹೊತ್ತು, ಊರು ಕೂಡಿಸಿ ಕುಂಡಲಿ ಬರೆಸಿದರು. ಸಂಗ್ರಹಕ್ಕೆ ನರೇಂದ್ರ ದಾಭೋಳ್ಕರ್ ಅವರ ಮೂಢನಂಬಿಕೆ ವಿರೋಧಿ ಸಂಘಟನೆಯವರೂ ಕೈಜೋಡಿಸಿದರು. ಒಬ್ಬೊಬ್ಬ ಜ್ಯೋತಿಷಿಗೆ 40 ಕುಂಡಲಿ ಕೊಟ್ಟು, ಜಾಣರು ಯಾರು, ಅಲ್ಲದವರು ಯಾರು, ವಿಂಗಡಿಸಿಕೊಡಿ ಎಂದರು. ಉತ್ತರ ಕಳಿಸಿದವರು 27 ಮಂದಿ. ಸರಿಯಾದದ್ದು ಸರಾಸರಿ ಶೇಕಡಾ 46. ನಾಣ್ಯ ಚಿಮ್ಮಿ ಹೇಳಿದ್ದರೆ 50 ಬರುತ್ತಿತ್ತು. ಅತ್ತೆ ಎಲ್ಲ ಕೇಳಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ, "ಆ ಜೋಯಿಸ್ರಿಗೆ ಬಪ್ಪುದಿಲ್ಲೆ ಅಷ್ಟೇ. ನಮ್ ಊರಿನವ್ರಿಗೆ ಕೊಡ್ಕಿತ್ತ್" ಎಂದರು. ಊರಿನ ಜೋಯಿಸರು ಅತ್ತೆಯ ಬಗ್ಗೆ ಹೇಳಿದ್ದೆಲ್ಲ ನಿಜವಾಗಿದೆಯಂತೆ: ಹೊರಗೆ ಗಟ್ಟಿ, ಒಳಗೆ ಮೃದು, ಎಲ್ಲರಿಗೂ ಮಾಡಿದ್ದಾರೆ, ಇವರಿಗೆ ಯಾರೂ ಮಾಡಿಲ್ಲ.

ಇದನ್ನು ನಿಜವಲ್ಲ ಎನ್ನುವ ಹೆಂಗಸು ಠಾಣೆ ಜಿಲ್ಲೆಯಲ್ಲೇ ಸಿಗಲಾರಳು. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮೇಷ್ಟ್ರು ತನ್ನ ಕ್ಲಾಸಿನ 39 ಮಂದಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ಅವರವರ ಸ್ವಭಾವದ ವರದಿ ಕೊಟ್ಟ. ಎಷ್ಟು ಸರಿಯಿದೆ, ಐದಕ್ಕೆ ಅಂಕ ಕೊಡಿ ಎಂದ. ಸರಾಸರಿ ನಾಲ್ಕು ಕಾಲು ಬಂತು. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ವರದಿ; ಅದರ ವಾಕ್ಯಗಳನ್ನು ಅವನು ಎತ್ತಿದ್ದು ಪೇಪರ್ ಅಂಗಡಿಯ ರಾಶಿಭವಿಷ್ಯದ ಪುಸ್ತಕದಿಂದ.

ಜಾತಕ ನಂಬದವರಿಗೆಂದೇ ನಮ್ಮ ಕಡೆ ಬೇರೆ ಅಂಗಡಿಗಳಿವೆ. ಹತ್ತನೆಯ ರಿಸಲ್ಟು ಬರುವ ಕಾಲಕ್ಕೆ ಠಾಣೆಯಿಂದ ಕಲ್ಯಾಣದವರೆಗೆ ಸ್ಟೇಷನ್ ರಸ್ತೆಗಳಲ್ಲಿ 'ಕಲ ಚಾಚಣಿ' ಎಂಬ ಬೋರ್ಡುಗಳು ಏಳುತ್ತವೆ. ಮಗುವಿನ ಒಲವು ಯಾವ ಕಡೆ ಎಂದು ಅಳೆದು ಹೇಳುವ ಪರೀಕ್ಷೆ ಅದು. 2016ರಿಂದ ಕೆಲವು ವರ್ಷ ಮಹಾರಾಷ್ಟ್ರ ಸರ್ಕಾರವೇ ಹತ್ತನೆಯವರಿಗೆ ಅದನ್ನು ಮಾಡಿಸಿತು. ಸರಿಯಾಗಿ ಕಲಿತವರು ಕೂತು ಮಾತಾಡಿಸಿ ಮಾಡಿದರೆ ಅದರಿಂದ ಉಪಯೋಗ ಉಂಟು ಎಂದೇ ನನ್ನ ಅಭಿಪ್ರಾಯ. ನನ್ನ ತಕರಾರು ಇರುವುದು ಬೆರಳಚ್ಚಿನವರ ಮೇಲೆ. ನಾಲ್ಕನೇ ಮಾಳಿಗೆಯವರ ಮನೆಗೆ ಟೈ ಕಟ್ಟಿಕೊಂಡು ಒಬ್ಬ ಬಂದಿದ್ದ. ಅವರ ಒತ್ತಾಯಕ್ಕೆ ನಾನೂ ಹೋಗಿ ಕೂತೆ. ಹುಡುಗನ ಹತ್ತೂ ಬೆರಳನ್ನು ಪುಟ್ಟ ಯಂತ್ರದ ಗಾಜಿನ ಮೇಲೆ ಒತ್ತಿಸಿದ. ಹೊಟ್ಟೆಯಲ್ಲಿರುವಾಗ ಮೆದುಳು ಮತ್ತು ಬೆರಳ ಗೆರೆ ಒಂದೇ ಕಾಲಕ್ಕೆ ಮೂಡುತ್ತವಲ್ಲ ಮೇಡಂ, ಹಾಗಾಗಿ ಒಂದನ್ನು ನೋಡಿ ಇನ್ನೊಂದನ್ನು ಓದಬಹುದು ಎಂದ. ಒಂದೇ ಕಾಲಕ್ಕೆ ಕಟ್ಟಿದ್ದಕ್ಕೆ ನಮ್ಮ ಬಿಲ್ಡಿಂಗಿನ ನೀರಿನ ಟ್ಯಾಂಕು ನೋಡಿ ಮೂರನೇ ಮಾಳಿಗೆಯವರ ಅಡುಗೆ ಹೇಳಬಹುದೇ ಎಂದು ಕೇಳಬೇಕೆನಿಸಿತು; ಮನೆಯವರ ಮುಖ ನೋಡಿ ಸುಮ್ಮನಾದೆ. ಒಂದು ವಾರದಲ್ಲಿ ಬಣ್ಣಬಣ್ಣದ ಪುಸ್ತಕ ಬಂತು. ಹುಡುಗ ನಾಯಕತ್ವದ ಗುಣದವನು, ಆದರೆ ಗಮನ ಚದುರುತ್ತದೆ, ಪ್ರೀತಿಯಿಂದ ಹೇಳಿದರೆ ಕೇಳುತ್ತಾನೆ. ಫೋರರನ ಆತ್ಮಕ್ಕೆ ಶಾಂತಿ ಸಿಗಲಿ. ಇಂಥ ಬೆರಳೋದುವಿಕೆಗೆ ಆಧಾರವಿಲ್ಲ ಎಂದು ಮನೋವೈದ್ಯರು ಹೇಳುತ್ತಲೇ ಇದ್ದಾರೆ, ಪುಸ್ತಕಗಳೂ ಬರುತ್ತಲೇ ಇವೆ.

ಭಾವನ ಮಗ ಐರೋಲಿಯಲ್ಲಿ ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ. ಅವನಿಗೆ ನಾಲ್ಕು ಇಂಗ್ಲಿಷ್ ಅಕ್ಷರಗಳ ಜಾತಕ ಉಂಟು. ಐ ಎನ್ ಟಿ ಜೆ. ಮದುವೆ, ಉಪನಯನ, ಗೃಹಪ್ರವೇಶ ಯಾವುದಕ್ಕೆ ಕರೆದರೂ, "ಚಿಕ್ಕಮ್ಮ, ನಾನು ಐ ಎನ್ ಟಿ ಜೆ" ಎನ್ನುತ್ತಾನೆ, ಡಾಕ್ಟರ ಚೀಟಿ ತೋರಿಸಿದ ಹಾಗೆ. ಈ ಅಕ್ಷರಗಳ ಮೂಲ ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕ. ಅಂತರ್ಮುಖಿ, ಬಹಿರ್ಮುಖಿ ಎಂದು ಇವತ್ತು ಅತ್ತೆಯೂ ಧಾರಾವಾಹಿ ನೋಡಿ ಹೇಳುವ ಮಾತುಗಳು ಅಲ್ಲಿಂದ ಹರಡಿದವು. ಅದನ್ನು ಹದಿನಾರು ಪೆಟ್ಟಿಗೆಗಳ ಪ್ರಶ್ನೆಪತ್ರಿಕೆ ಮಾಡಿದವರು ಅಮೆರಿಕದ ಒಬ್ಬ ತಾಯಿ ಮತ್ತು ಮಗಳು, ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರ ಕಲಿತವರಲ್ಲ. ಮಗಳ ಗಂಡನ ಸ್ವಭಾವ ತಮ್ಮಿಬ್ಬರದ್ದಕ್ಕಿಂತ ಬೇರೆ ಎಂದು ತಾಯಿಗೆ ಅನಿಸಿದ್ದರಿಂದ ಈ ಆಸಕ್ತಿ ಬಲಿಯಿತಂತೆ. ಅತ್ತೆಯರು ಎಲ್ಲಾ ದೇಶದಲ್ಲೂ ಇದ್ದಾರೆ ಎಂದು ಓದಿ ನನಗೆ ಸಮಾಧಾನವಾಯಿತು. ತೊಡಕು ಇಷ್ಟೇ: ಮನುಷ್ಯರು ಎತ್ತರದಲ್ಲಿ ಹೇಗೋ ಇದರಲ್ಲೂ ಹಾಗೆ, ಬಹಳ ಮಂದಿ ಮಧ್ಯದಲ್ಲೇ ಇರುತ್ತಾರೆ. ಮಧ್ಯಕ್ಕೆ ಗೆರೆ ಎಳೆದು ಈಚೆಯವರು ಗಿಡ್ಡರು, ಆಚೆಯವರು ಉದ್ದದವರು ಎಂದರೆ, ಗೆರೆಯ ಹತ್ತಿರ ಇದ್ದವರು ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಬರೆದಾಗ ಪೆಟ್ಟಿಗೆ ಬದಲಾಯಿಸಿಬಿಡುತ್ತಾರೆ. ಸಂಶೋಧಕರು ಈಗ ಪೆಟ್ಟಿಗೆ ಬಿಟ್ಟು ಐದು ಅಳತೆಪಟ್ಟಿಗಳನ್ನು ಇಟ್ಟುಕೊಂಡಿದ್ದಾರೆ. ಅವುಗಳ ಬೇರು ನಿಘಂಟಿನಲ್ಲಿದೆ ಎಂಬುದು ನನಗೆ ಖುಷಿ ಕೊಟ್ಟ ಸಂಗತಿ. 1936ರಲ್ಲಿ ಆಲ್ಪೋರ್ಟ್ ಮತ್ತು ಓಡ್ಬರ್ಟ್ ಎಂಬಿಬ್ಬರು ಇಂಗ್ಲಿಷ್ ನಿಘಂಟು ಜಾಲಾಡಿ, ಒಬ್ಬ ಮನುಷ್ಯ ಇನ್ನೊಬ್ಬನಿಗಿಂತ ಹೇಗೆ ಬೇರೆ ಎಂದು ಹೇಳುವ ಸುಮಾರು 18,000 ಶಬ್ದಗಳ ಪಟ್ಟಿ ಮಾಡಿದರು. ಜನ ಸಾವಿರಾರು ವರ್ಷ ಒಬ್ಬರನ್ನೊಬ್ಬರು ಬೈದು ಹೊಗಳಿದ ಶಬ್ದಗಳಲ್ಲೇ ಸ್ವಭಾವದ ನಕ್ಷೆ ಇರಬೇಕು ಎಂಬ ಲೆಕ್ಕ. ಆ ಪಟ್ಟಿಯನ್ನು ಮುಂದಿನವರು ಸೋಸುತ್ತಾ ಸೋಸುತ್ತಾ ಐದಕ್ಕೆ ಇಳಿಸಿದರು. ಜುಗ್ಗ, ಹುಂಬ, ಪುಕ್ಕಲ, ಬಾಯಿಬಡುಕ, ಮೌನಗೌರಿ, ಕೊಂಕುಬುದ್ಧಿ, ಅಳುಮುಂಜಿ: ಅತ್ತೆಯನ್ನು ಒಂದು ಮಧ್ಯಾಹ್ನ ಕೂರಿಸಿದರೆ ಕನ್ನಡದ್ದೂ ಆಗುತ್ತದೆ. ಹೊಗಳುವ ಶಬ್ದ ಮಾತ್ರ ಕೈಬೆರಳಿನಷ್ಟು.

ಇಷ್ಟೆಲ್ಲ ಅಳತೆಗಳನ್ನು ಹಿಡಿದುಕೊಂಡು ಬೆಳಗಿನ ಫಾಸ್ಟ್ ಲೋಕಲ್ಲಿನ ಹೆಂಗಸರ ಡಬ್ಬಿಗೆ ಹತ್ತಿದರೆ ಏನಾಗುತ್ತದೆ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಕಲ್ಯಾಣದ ಒಬ್ಬ ಟೀಚರ್ ಬಾಯಿಯ ಜೊತೆ ವರ್ಷಗಟ್ಟಲೆ ಓಡಾಡಿದೆ. ಡೊಂಬಿವಲಿಯಿಂದ ಹತ್ತಿದರೆ ಸೀಟು ಕನಸಿನ ಮಾತು, ಅದಕ್ಕೇ ನಮ್ಮಲ್ಲಿ ಕೆಲವರು ಉಲ್ಟಾ ಕಲ್ಯಾಣಕ್ಕೆ ಹೋಗಿ ಕೂತುಕೊಂಡು ವಾಪಸು ಬರುತ್ತಾರೆ. ಗಾಡಿ ಇನ್ನೂ ನಿಂತಿರುವುದಿಲ್ಲ, ಟೀಚರ್ ಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಬಿ ಹಿಡಿದು, ಮೊಣಕೈಯಿಂದ ಎರಡೂ ಬದಿ ದಾರಿ ಮಾಡಿಕೊಂಡು ಕಿಟಕಿಯ ಸೀಟಿಗೆ ಕರ್ಚೀಫು ಎಸೆದಾಗಿರುತ್ತದೆ. ಆ ಹೊತ್ತಿನಲ್ಲಿ ಅವಳ ಬಾಯಿಂದ ಬರುವ ಮರಾಠಿ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಕೂತು ಎರಡು ನಿಮಿಷಕ್ಕೆ ಬೇರೆಯೇ ಹೆಂಗಸು. ಚೀಲದಿಂದ ಬಟಾಣಿ ತೆಗೆದು ಸುಲಿಯುತ್ತಾಳೆ, ಸುಲಿದದ್ದರಲ್ಲಿ ಅರ್ಧ ಪಕ್ಕದವಳ ಮಗುವಿನ ಬಾಯಿಗೆ. ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೆ ಜಾಗ ಬಿಡಲು ತಾನೇ ಮೊದಲು ಸರಿಯುತ್ತಾಳೆ. 'ಕುಠೇ ಉತರಣಾರ್?', ಎಲ್ಲಿ ಇಳಿಯುತ್ತೀರಿ, ಎಂದು ನಿಂತವಳು ಕೇಳಿದರೆ, ತಾನು ದಾದರಿನಲ್ಲಿ ಇಳಿಯುವವಳಾದರೂ ಘಾಟ್‌ಕೋಪರಿನಲ್ಲಿ ಇಳಿಯುವವಳು ಯಾರೆಂದು ಹುಡುಕಿ ಅವಳಿಗೆ ಸೀಟು ಗೊತ್ತುಮಾಡಿಕೊಡುತ್ತಾಳೆ. ಸಂಕ್ರಾಂತಿಗೆ ಡಬ್ಬಿಯಲ್ಲೇ ಅರಿಸಿನ ಕುಂಕುಮ ಮಾಡುವವಳೂ ಅವಳೇ. ಶಾಲೆಯಲ್ಲಿ ಅವಳನ್ನು ಕಂಡರೆ ಮಕ್ಕಳು ಉಚ್ಚೆ ಹೊಯ್ದುಕೊಳ್ಳುತ್ತಾರೆ ಎಂದು ಅವಳ ಸಹೋದ್ಯೋಗಿಯೇ ಹೇಳಿದ್ದಳು. ಮನೆಯಲ್ಲಿ ಅವಳ ಅತ್ತೆಯ ಮುಂದೆ ಉಸಿರೆತ್ತುವುದಿಲ್ಲವಂತೆ, ಅದನ್ನು ಹೇಳಿದವಳು ಅವಳೇ. ಇವಳ ಸ್ವಭಾವ ಎಂಥದ್ದು ಎಂದು ಪ್ರಶ್ನೆಪತ್ರಿಕೆಯಲ್ಲಿ ಗೀಟು ಹಾಕಿಸುವುದಾದರೆ ಯಾವ ಸ್ಟೇಷನ್ನಿನಲ್ಲಿ ಹಾಕಿಸಬೇಕು?

1968ರಲ್ಲಿ ವಾಲ್ಟರ್ ಮಿಷೆಲ್ ಎಂಬವನು ಹೆಚ್ಚುಕಡಿಮೆ ಇದನ್ನೇ ಕೇಳಿ ವ್ಯಕ್ತಿತ್ವ ಅಳೆಯುವವರ ನಿದ್ದೆ ಕೆಡಿಸಿದ. ಒಬ್ಬ ಮನುಷ್ಯನ ಒಂದು ಗುಣವನ್ನು ಕಾಗದದ ಮೇಲೆ ಅಳೆದು, ಒಂದು ನಿರ್ದಿಷ್ಟ ಸಂದರ್ಭದಲ್ಲಿ ಅವನು ಹೇಗೆ ನಡೆದುಕೊಳ್ಳುತ್ತಾನೆ ಎಂದು ಹೇಳಹೊರಟರೆ ಹೊಂದಿಕೆ ಬಹಳ ತೆಳು ಎಂದು ತೋರಿಸಿಕೊಟ್ಟ. ಹಾಗಾದರೆ ಸ್ವಭಾವವೇ ಇಲ್ಲವೇ ಎಂದು ಕೂಗಾಟ ಎದ್ದಿತು. ಒಂದು ದಿನ ನೋಡಬೇಡಿ, ನೂರು ದಿನ ನೋಡಿ ಸರಾಸರಿ ತೆಗೆಯಿರಿ, ಮನುಷ್ಯ ಕಾಣುತ್ತಾನೆ ಎಂದು ಎದುರಾಳಿಗಳು ಉತ್ತರಿಸಿದರು, ಅದೂ ನಿಜವೇ. ಕೊನೆಗೆ ಮಿಷೆಲ್ ತಾನೇ 1995ರಲ್ಲಿ ಯೂಯಿಚಿ ಶೋಡಾ ಎಂಬವನ ಜೊತೆ ಸೇರಿ ಒಂದು ಮಧ್ಯದ ದಾರಿ ಹೇಳಿದ. ಇಂಥಲ್ಲಿ ಹೀಗೆ, ಅಂಥಲ್ಲಿ ಹಾಗೆ ಎಂಬ ಏರಿಳಿತವೇ ಒಬ್ಬೊಬ್ಬರಲ್ಲೂ ಸ್ಥಿರವಾಗಿರುತ್ತದೆ, ಅದೇ ಅವರ ರುಜು ಎಂದ. ನನಗೆ ಒಪ್ಪಿಗೆಯಾದದ್ದು ಇದು. ಟೀಚರ್ ಬಾಯಿ ಪ್ರತಿದಿನ ಬಾಗಿಲಲ್ಲಿ ಹುಲಿ, ಸೀಟಿನಲ್ಲಿ ತಾಯಿ. ಒಂದು ದಿನವೂ ಅದಲುಬದಲಾದದ್ದನ್ನು ನಾನು ಕಂಡಿಲ್ಲ.

ಭಾವ ಮತ್ತು ನಮ್ಮವರ ವಿಷಯಕ್ಕೆ ಬಂದರೆ ಅತ್ತೆಯ ಸಿದ್ಧಾಂತಗಳೆಲ್ಲ ಕೈಕೊಡುತ್ತವೆ. ಒಂದೇ ತಾಯಿ, ಒಂದೇ ತಂದೆ, ಡೊಂಬಿವಲಿ ಪೂರ್ವದ ಚಾಳಿನ ಒಂದೇ ಕೋಣೆ, ಒಂದೇ ಗಂಜಿ. ಭಾವ ಕರ್ನಾಟಕ ಸಂಘದ ನಾಟಕಕ್ಕೆ ಬಣ್ಣ ಹಚ್ಚುತ್ತಾರೆ, ರಿಕ್ಷಾದವನ ಜೊತೆಗೂ ಅರ್ಧ ಗಂಟೆ ಮಾತು. ನಮ್ಮವರು ಫೋನು ಬಂದರೆ ಅದು ತಾನಾಗಿ ನಿಲ್ಲಲಿ ಎಂದು ಕಾಯುವವರು. ಹಿರಿಯ ಮಗ ಜವಾಬ್ದಾರಿಯವನು, ನಡುವಿನವನು ರಾಜಿಯವನು, ಕಿರಿಯವನು ಮುದ್ದಿನಿಂದ ಕೆಟ್ಟವನು ಎಂಬ, ಮನಶ್ಶಾಸ್ತ್ರಜ್ಞ ಆಡ್ಲರನ ಮಾತು ಬಹಳ ಹಳೆಯದು. 2015ರಲ್ಲಿ ಜರ್ಮನಿಯ ಸಂಶೋಧಕರು ಮೂರು ದೇಶಗಳ 20,000ಕ್ಕೂ ಹೆಚ್ಚು ಜನರ ಮಾಹಿತಿ ಹರಡಿ ನೋಡಿದಾಗ, ಹುಟ್ಟಿದ ಕ್ರಮಕ್ಕೂ ಈ ಗುಣಗಳಿಗೂ ಹೇಳಿಕೊಳ್ಳುವಂಥ ಸಂಬಂಧವೇ ಸಿಗಲಿಲ್ಲ. ರಕ್ತದ ವಾದಕ್ಕೆ ಬಲ ಇಲ್ಲದಿಲ್ಲ. 1979ರಲ್ಲಿ ಮಿನೆಸೋಟದ ಥಾಮಸ್ ಬುಶಾರ್ಡ್ ಶುರು ಮಾಡಿದ, ಬೇರೆಬೇರೆ ಮನೆಯಲ್ಲಿ ಬೆಳೆದ ಅವಳಿಗಳ ಅಧ್ಯಯನ ಮತ್ತು ಅಂಥವು ಎಷ್ಟೋ ಸೇರಿ, ಜನರ ನಡುವಿನ ವ್ಯತ್ಯಾಸದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಹುಟ್ಟಿನಿಂದ ಬಂದದ್ದು ಎನ್ನುತ್ತವೆ. ಅತ್ತೆಗೆ ಇದನ್ನು ಹೇಳಿದಾಗ ಬಹಳ ಸಂತೋಷಪಟ್ಟರು. ಉಳಿದರ್ಧದ ಮಾತು ಕೇಳಿ ಅಷ್ಟು ಸಂತೋಷವಾಗಲಿಲ್ಲ. 1987ರಲ್ಲಿ ಪ್ಲೋಮಿನ್ ಮತ್ತು ಡೇನಿಯಲ್ಸ್ ಎಂಬವರು, ಒಂದೇ ಮನೆಯ ಮಕ್ಕಳು ಇಷ್ಟು ಬೇರೆಬೇರೆ ಯಾಕೆ ಎಂದು ಕೇಳಿ ಬರೆದ ಲೇಖನದ ಸಾರವೇನೆಂದರೆ, ಉಳಿದರ್ಧದಲ್ಲಿ ಮನೆ ಎಲ್ಲ ಮಕ್ಕಳಿಗೂ ಸಮನಾಗಿ ಕೊಟ್ಟದ್ದರ ಪಾಲು ಬಹಳ ಕಡಿಮೆ. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಆದದ್ದರ ಪಾಲೇ ಹೆಚ್ಚು. ಯಾವ ಜ್ವರ, ಯಾವ ಮೇಷ್ಟ್ರು, ಯಾವ ಗೆಳೆಯ, ಯಾರಿಗೂ ಲೆಕ್ಕ ಸಿಕ್ಕಿಲ್ಲ.

ಗೆಳೆಯರೇ ಎಂದು ಪಟ್ಟು ಹಿಡಿದವಳು ಜುಡಿತ್ ರಿಚ್ ಹ್ಯಾರಿಸ್. ಹಾರ್ವರ್ಡಿನವರು ಅವಳನ್ನು ಡಾಕ್ಟರೇಟಿಗೆ ಲಾಯಕ್ಕಿಲ್ಲವೆಂದು ಹೊರಗೆ ಕಳಿಸಿದ್ದರು. ಆ ಪತ್ರಕ್ಕೆ ಸಹಿ ಹಾಕಿದ ಜಾರ್ಜ್ ಮಿಲ್ಲರ್ ಹೆಸರಿನ ಪ್ರಶಸ್ತಿಯೇ ಮುಂದೆ ಅವಳ ಪ್ರಬಂಧಕ್ಕೆ ಬಂತು, ಇಂಥದ್ದಕ್ಕೆ ಯೋಗ ಬೇಕು. ವಲಸೆ ಬಂದವರ ಮಕ್ಕಳು ತಂದೆತಾಯಿಯ ಉಚ್ಚಾರ ಬಿಟ್ಟು ಬೀದಿಯ ಮಕ್ಕಳ ಉಚ್ಚಾರ ಕಲಿಯುತ್ತಾರಲ್ಲ, ಮಾತಿನ ಹಾಗೆಯೇ ಉಳಿದದ್ದೂ ಎಂದು 1998ರ ಪುಸ್ತಕದಲ್ಲಿ ವಾದಿಸಿದಳು. ತೀರ ಮುಂದೆ ಹೋದಳು ಎಂದು ನನಗೂ ಅನಿಸುತ್ತದೆ. ಆದರೆ ನಮ್ಮ ಮನೆಗೇ ಬಂದು ನೋಡಿ ಬರೆದಳೇನೋ ಎಂಬ ಗುಮಾನಿ. ಅತ್ತೆಯ ಮಕ್ಕಳಲ್ಲಿ ಒಬ್ಬರಿಗೂ ಕುಂದಾಪುರದ ರಾಗ ಹತ್ತಲಿಲ್ಲ. ಭಾವ ಕನ್ನಡ ಆಡುವಾಗ ಕೇಳಿದರೆ ಮರಾಠಿಯವರು ಚೆನ್ನಾಗಿ ಕನ್ನಡ ಕಲಿತಿದ್ದಾರೆ ಎನಿಸುತ್ತದೆ. ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಲ್ಲಿ ಓದಿದ ಪಕ್ಕದ ಮನೆಯವರ ಮಗಳಿಗೆ ಕನ್ನಡ ಅಚ್ಚುಕಟ್ಟು, ಆದರೆ ಗೆಳತಿಯರ ಜೊತೆ ಜಗಳಕ್ಕೆ ಬಿದ್ದರೆ ಮರಾಠಿಯೇ. ಅವಳು ಮರಾಠಿಯಲ್ಲಿ ಗಯ್ಯಾಳಿ, ಕನ್ನಡದಲ್ಲಿ ಸಾಧು.

ಈ ಕಡೆಯವರ ತಮಾಷೆಯೊಂದಿದೆ. ಯಾರಾದರೂ ವಿಚಿತ್ರವಾಗಿ ಆಡಿದರೆ "ಠಾಣೆಗೆ ಕಳಿಸಿ" ಎನ್ನುತ್ತಾರೆ. 1901ರಿಂದ ಅಲ್ಲಿ ಮಾನಸಿಕ ಆಸ್ಪತ್ರೆ ಇದೆ, ಅದಕ್ಕೆ. ಅದೇ ಠಾಣೆಯಲ್ಲಿ 1990ರಲ್ಲಿ ಡಾ. ಆನಂದ ನಾಡಕರ್ಣಿಯವರು ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಶುರುಮಾಡಿದರು. ಹುಚ್ಚು ಹಿಡಿಯದವರೂ ಮನಸ್ಸಿನ ವೈದ್ಯರ ಮೆಟ್ಟಿಲು ಹತ್ತಬಹುದು ಎಂದು ಈ ಭಾಗದ ಮಧ್ಯಮವರ್ಗಕ್ಕೆ ಕಲಿಸಿದವರಲ್ಲಿ ಅವರು ಮುಖ್ಯರು. ನಾಟಕ ಬರೆಯುತ್ತಾರೆ, ಭಾಷಣ ಮಾಡುತ್ತಾರೆ. ಅವರ 'ಸ್ವಭಾವ ವಿಭಾವ' ಎಂಬ ಮರಾಠಿ ಪುಸ್ತಕವನ್ನು ಟೀಚರ್ ಬಾಯಿಯೇ ನನಗೆ ಗಾಡಿಯಲ್ಲಿ ಕೊಟ್ಟದ್ದು. ಅದರ ಹಿಂದೆ ಇರುವುದು ಆಲ್ಬರ್ಟ್ ಎಲಿಸ್ ಎಂಬ ನ್ಯೂಯಾರ್ಕಿನವನ ವಿಚಾರ: ನಮ್ಮನ್ನು ಕೆಡಿಸುವುದು ಘಟನೆಗಳಲ್ಲ, ಅವುಗಳ ಬಗ್ಗೆ ನಾವು ಹಿಡಿದ ಹಟದ ನಂಬಿಕೆಗಳು. ಎಲಿಸ್‌ಗೆ ಹತ್ತೊಂಬತ್ತರಲ್ಲಿ ಹುಡುಗಿಯರನ್ನು ಕಂಡರೆ ನಾಲಿಗೆ ಒಣಗುತ್ತಿತ್ತು. ನನ್ನ ಹುಟ್ಟುಗುಣ ಎಂದು ಕೂರದೆ, ಒಂದು ತಿಂಗಳು ಬ್ರಾಂಕ್ಸಿನ ಸಸ್ಯೋದ್ಯಾನಕ್ಕೆ ಹೋಗಿ, ಬೆಂಚಿನ ಮೇಲೆ ಒಬ್ಬಳೇ ಕೂತ ಯಾರೇ ಇರಲಿ, ಪಕ್ಕದಲ್ಲಿ ಕೂತು ಒಂದು ನಿಮಿಷದೊಳಗೆ ಮಾತಾಡಿಸುವ ಶಿಕ್ಷೆ ವಿಧಿಸಿಕೊಂಡ. ಅವನೇ ಹೇಳಿಕೊಂಡ ಲೆಕ್ಕದಂತೆ 130 ಮಂದಿ. ಮೂವತ್ತು ಮಂದಿ ಎದ್ದೇ ಹೋದರು, ನೂರು ಮಂದಿ ಮಾತಾಡಿದರು. ಮತ್ತೆ ಸಿಗುತ್ತೇನೆಂದವಳು ಒಬ್ಬಳೇ, ಅವಳೂ ಬರಲಿಲ್ಲ. ನಾಚಿಕೆ ಮಾತ್ರ ಬಿಟ್ಟುಹೋಯಿತು.

ಭಾವನ ಮಗನಿಗೆ ಈ ಕಥೆ ಹೇಳಿದ್ದಕ್ಕೆ ಕಾರಣ ಇತ್ತು. ಅವನಿಗೆ ಹುಡುಗಿ ನೋಡುತ್ತಿದ್ದರು. ವಧು ವರ ಮೇಳಾವಾದ ಅರ್ಜಿಯಲ್ಲಿ ಎತ್ತರ, ಬಣ್ಣ, ಸಂಬಳ ಆದ ಮೇಲೆ 'ಸ್ವಭಾವ' ಎಂದು ಒಂದು ಕಾಲಂ. ನಕ್ಷತ್ರ ಬರೆದರೆ ಸಾಕು, ತಿಳಿದವರಿಗೆ ತಿಳಿಯುತ್ತದೆ ಎಂದರು ಅತ್ತೆ. ಅವನು ನಾಲ್ಕು ಅಕ್ಷರ ಬರೆಯಹೊರಟ. ವಾರಗಿತ್ತಿ ಪೆನ್ನು ಕಸಿದುಕೊಂಡು, ಅವನ ಮುಂದೆಯೇ, 'ಶಾಂತ, ಎಲ್ಲರೊಂದಿಗೆ ಬೆರೆಯುವ' ಎಂದು ಬರೆದಳು. ಅದನ್ನೋದಿ ನೆರೂಳಿನ ಒಂದು ಹುಡುಗಿ ಫೋನು ಮಾಡಿದಳು. ಅವಳೂ ದಿನಾ ಲೋಕಲ್ಲಿನಲ್ಲಿ ಓಡಾಡುವವಳು. ಸ್ವಭಾವದ ಕಾಲಮ್ಮಿನ ಸುದ್ದಿಯನ್ನೇ ಎತ್ತಲಿಲ್ಲವಂತೆ. ಕೇಳಿದ್ದು ಒಂದು: "ಗಾಡಿ ಹತ್ತಿದ ಮೇಲೆ ನೀವು ಬಾಗಿಲಲ್ಲೇ ನಿಲ್ಲುವವರೋ, ಒಳಗೆ ಹೋಗುವವರೋ?"

ಹುಡುಗ ತುಂಬಾ ಹೊತ್ತು ಯೋಚಿಸಿ, "ಅದು ಎಲ್ಲಿ ಇಳಿಯಬೇಕು ಅನ್ನುವುದರ ಮೇಲೆ" ಎಂದನಂತೆ. ಬರುವ ಭಾನುವಾರ ಅವರ ಕಡೆಯವರು ಬರುತ್ತಿದ್ದಾರೆ. ಹುಡುಗಿಯ ಜಾತಕ ಇನ್ನೂ ಕೈಗೆ ಬಂದಿಲ್ಲವೆಂದು ಅತ್ತೆ ಬೆಳಗಿನಿಂದ ಮುಖ ಊದಿಸಿಕೊಂಡಿದ್ದಾರೆ.